ಅರ್ಧ ಸೈಜ್ ದೊಡ್ಡದು

೧

ಎಲ್ಲಿಂದ ಶುರುಮಾಡಲಿ?

ಮೂರು ಸಲ ಶುರುಮಾಡಿ ಮೂರನ್ನೂ ಹರಿದುಹಾಕಿದ್ದೇನೆ. ಮೊದಲನೆಯ ಕರಡಿನಲ್ಲಿ ಒಬ್ಬ ಹೆಂಗಸು ಕಿಟಕಿಯ ಪಕ್ಕ ನಿಂತು ಹೊರಗೆ ನೋಡುತ್ತಿದ್ದಳು. ಎಷ್ಟು ಹೊತ್ತು ಕಾದರೂ ಅಲ್ಲಿಂದ ಕದಲಲಿಲ್ಲ. ಕಾಲು ನೋವು ಬಂದದ್ದು ನನಗೆ. ಎರಡನೆಯದು ಒಂದು ಸಾವಿನಿಂದ ಶುರುವಾಗುತ್ತಿತ್ತು. ಓದುಗರನ್ನು ಹಿಡಿದು ಕೂರಿಸಲು ಕಥೆಗಾರರ ಕೈಯಲ್ಲಿ ಸಾವಿಗಿಂತ ಅಗ್ಗದ ಸಾಮಾನು ಇನ್ನೊಂದಿಲ್ಲ, ಹಾಗಾಗಿ ಅದನ್ನೂ ಬಿಟ್ಟೆ. (ಮುಂದೆ ಅದೇ ಸಾಮಾನಿಗೆ ಕೈ ಹಾಕುತ್ತೇನೆ. ಈಗಲೇ ಹೇಳಿಬಿಡುವುದು ಒಳ್ಳೆಯದು.) ಮೂರನೆಯದು ಒಂದು ಟಿಪ್‌ನಿಂದ ಶುರುವಾಗಿತ್ತು. ಕಸದ ಬುಟ್ಟಿಯಿಂದ ಅದರ ಚೂರುಗಳನ್ನು ಹೆಕ್ಕಿ ತಂದು ಅಂಟಿಸಿದ್ದೇನೆ:

'ಶೂ ಕೊಳ್ಳಲು ಬೆಳಿಗ್ಗೆಯೇ ಹೋಗಿ. ಇರುಳಿಡೀ ವಿಶ್ರಾಂತಿ ಪಡೆದ ಪಾದ ತನ್ನ ನಿಜವಾದ ಅಳತೆಯಲ್ಲಿ ಇರುತ್ತದೆ ಎನ್ನುತ್ತಾರೆ ತಜ್ಞರು.'

ಈ ಎರಡು ವಾಕ್ಯಗಳಲ್ಲಿ ಎರಡು ಸುಳ್ಳುಗಳಿವೆ. ಬೆಳಿಗ್ಗೆ ಎನ್ನುವುದು ಒಂದು, ತಜ್ಞರು ಎನ್ನುವುದು ಇನ್ನೊಂದು. ಕಥೆ ಇಷ್ಟೇ. ಅವಸರವಿದ್ದವರು ಇಲ್ಲಿಗೇ ಎದ್ದು ಹೋಗಬಹುದು, ನನಗೇನೂ ಬೇಜಾರಿಲ್ಲ. (ಇದೆ.)

೨

ಈ ಟಿಪ್ ಬರೆದವಳು ಒಂದು ವಾರಪತ್ರಿಕೆಯ ಅಂಕಣಕಾರ್ತಿ. ಹೆಸರು ಹಾಕಬೇಡಿ ಎಂದು ಅವಳೇ ಹೇಳಿದ್ದಾಳೆ. ಕಚೇರಿಯಲ್ಲಿ ಎಲ್ಲರೂ ಅವಳನ್ನು ಕರೆಯುವುದು ಟಿಪ್ಸ್ ಮೇಡಂ ಎಂದು. ಇಪ್ಪತ್ತಾರು ವರ್ಷಗಳಿಂದ ಪ್ರತಿ ವಾರ, ಮೂವತ್ತೆಂಟನೆಯ ಪುಟದಲ್ಲಿ, ಪದಬಂಧದ ನೆತ್ತಿಯ ಮೇಲೆ ಅವಳ ಅಂಕಣ. ಸಿಕ್ಕಿಕೊಂಡ ಜಿಪ್ಪಿಗೆ ಪೆನ್ಸಿಲ್ ಸೀಸ ಉಜ್ಜಿ. ಹೊಸ ಶೂ ಜಾರಿದರೆ ಅಟ್ಟೆಗೆ ಸ್ಯಾಂಡ್ ಪೇಪರ್ ತಿಕ್ಕಿ. ಬಳಸದ ಹ್ಯಾಂಡ್‌ಬ್ಯಾಗಿನೊಳಗೆ ಹಳೆಯ ಕಾಗದ ಮುದುರಿ ತುಂಬಿಡಿ, ಅದರ ಹೊಟ್ಟೆ ಕುಸಿಯುವುದಿಲ್ಲ. ಕೋಟಿನ ಗುಂಡಿ ಬಿಗಿದ ದಾರಕ್ಕೆ ಬಣ್ಣವಿಲ್ಲದ ನೈಲ್ ಪಾಲಿಶ್ ಒಂದು ಹನಿ.

ನಗಬೇಡಿ. ನಾನೂ ಮೊದಲು ನಕ್ಕಿದ್ದೆ. ಕಥೆ, ಕಾವ್ಯ, ದೇಶದ ಭವಿಷ್ಯ ಎಲ್ಲವನ್ನೂ ಹಾರಿಸಿ ನೇರವಾಗಿ ಮೂವತ್ತೆಂಟನೆಯ ಪುಟ ತೆರೆಯುವ ಓದುಗರನ್ನು ಬಸ್ಸಿನಲ್ಲಿ ಕಣ್ಣಾರೆ ಕಂಡ ಮೇಲೆ ನಗು ನಿಂತಿತು.

ಈ ಟಿಪ್‌ಗಳಲ್ಲಿ ಅರ್ಧಕ್ಕರ್ಧ ಅವಳ ಅಮ್ಮನವು. ಅಮ್ಮ ಮೂವತ್ತೊಂದು ವರ್ಷ ಒಂದು ಶೂ ಅಂಗಡಿಯ ಹೆಂಗಸರ ವಿಭಾಗದಲ್ಲಿ ಕೆಲಸ ಮಾಡಿದವರು. ಮುಂದಕ್ಕೆ ಇಳಿಜಾರಾಗಿರುವ ಗಿಡ್ಡ ಸ್ಟೂಲಿನ ಮೇಲೆ ಕೂತು, ಗಿರಾಕಿಯ ಪಾದವನ್ನು ಆ ಇಳಿಜಾರಿನ ಮೇಲಿಟ್ಟು, ಬೆರಳ ತುದಿಯ ಹತ್ತಿರ ಹೆಬ್ಬೆರಳಿನಿಂದ ಒತ್ತಿ ನೋಡಿ, "ನಿಂತ್ಕೊಳ್ಳಿ, ನಾಲ್ಕು ಹೆಜ್ಜೆ ನಡೀರಿ" ಎನ್ನುವುದು ಅವರ ಕೆಲಸ. ನಾಲ್ಕೇ ಯಾಕೆ ಎಂದು ಮಗಳು ಚಿಕ್ಕವಳಿದ್ದಾಗ ಒಮ್ಮೆ ಕೇಳಿದ್ದಳು.

"ಮೊದಲ ಮೂರು ಹೆಜ್ಜೆ ನಮಗೋಸ್ಕರ ನಡೀತಾರೆ ಕಣೇ. ಹೊಸ ಶೂ ನೋಡ್ಕೊಳ್ಳೋ ಖುಷಿ ಬೇರೆ. ನಾಲ್ಕನೇದು ಮಾತ್ರ ಅವರದ್ದು. ಕಚ್ಚುತ್ತೋ ಇಲ್ವೋ ಅದರಲ್ಲಿ ಗೊತ್ತಾಗುತ್ತೆ."

(ಇದನ್ನು ಅವಳು ಯಾವತ್ತೂ ಅಂಕಣದಲ್ಲಿ ಬರೆಯಲಿಲ್ಲ. ಟಿಪ್ ಆಗುವಷ್ಟು ಚಿಕ್ಕದಲ್ಲ ಎನ್ನಿಸಿತಂತೆ.)

೨ (ಇನ್ನೊಮ್ಮೆ, ಈ ಸಲ ನಿಜ ಹೇಳುತ್ತಾ)

ಮೊದಲ ಅಂಕಣ ಬರೆದಾಗ ಅವಳಿಗೆ ಇಪ್ಪತ್ತನಾಲ್ಕು. ಕಾಲೇಜು ಮುಗಿಸಿ ಪತ್ರಿಕೆಗೆ ಸೇರಿ ಎರಡು ವಾರ. ಬೇರೆ ಯಾರಿಗೂ ಬೇಡವಾದ ಪುಟ ಹೊಸಬಳ ತಲೆಗೆ ಕಟ್ಟಿದ್ದರು. ಮನೆಗೆ ಬಂದು ಅಡುಗೆಮನೆಯ ಮೇಜಿನ ಮುಂದೆ ನೋಟ್‌ಬುಕ್ ಬಿಚ್ಚಿ ಕೂತಳು. ಅಮ್ಮ ಬಿಸಿನೀರಿನ ಟಬ್ಬಿನಲ್ಲಿ ಕಾಲಿಟ್ಟುಕೊಂಡು ಪಕ್ಕದಲ್ಲೇ ಕೂತಿದ್ದರು, ದಿನವಿಡೀ ನಿಂತ ಕಾಲು.

"ಬರ್ಕೋ. ಶೂ ತಗೊಳ್ಳೋಕೆ ಸಂಜೆ ಬರ್ಬೇಕು. ನಿಂತು ನಡೆದು ಪಾದ ಊದ್ಕೊಂಡಿರುತ್ತೆ. ಆ ಪಾದಕ್ಕೆ ಹಿಡಿಸಿದ್ರೆ ಯಾವಾಗ್ಲೂ ಹಿಡಿಸುತ್ತೆ."

ಮಗಳು ಬರೆದುಕೊಂಡಳು. ಮರುದಿನ ಕಚೇರಿಯಲ್ಲಿ ಅದನ್ನೇ ಟೈಪು ಮಾಡುವಾಗ ಬೆರಳು ನಿಂತಿತು. ಊದಿದ ಪಾದಕ್ಕೆ ಅಳತೆ ತೆಗೆಯುವುದು ಯಾವ ಲೆಕ್ಕ? ಜ್ವರ ಬಂದಾಗ ಮೈಯ ಬಿಸಿ ನೋಡಿ ಇದೇ ಸರಿ ಎನ್ನುತ್ತಾರೆಯೇ? ಅಮ್ಮನಿಗೆ ಸಂಜೆ ಅಂಗಡಿ ತುಂಬಿರುವುದನ್ನು ನೋಡಿ ನೋಡಿ ಅದೇ ಸರಿ ಅನ್ನಿಸಿರಬೇಕು ಎಂದುಕೊಂಡಳು. ಸಂಜೆಯನ್ನು ಹೊಡೆದು ಬೆಳಿಗ್ಗೆ ಮಾಡಿದಳು. ಕಾರಣವನ್ನೂ ತಾನೇ ಹೊಲಿದಳು. ಕೊನೆಗೆ 'ನನ್ನ ಅಮ್ಮ ಹೇಳುತ್ತಾರೆ' ಎಂದು ಬರೆಯಬೇಕಾದ ಜಾಗ ಬಂತು. ಅಮ್ಮ ಊರವರ ಪಾದದ ಮುಂದೆ ಬಗ್ಗಿ ಕೂರುವವರು ಎಂದು ಕಚೇರಿಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಅವಳಿಗೆ ನಾಚಿಕೆ.

"ಕಥೆಗಾರರೇ, ಆ ಮಾತು ತೆಗೀರಿ," ಎಂದಳು ಅವಳು. ಇದ್ದಕ್ಕಿದ್ದಂತೆ, ಈ ಪುಟದೊಳಗಿಂದಲೇ.

"ಯಾವ ಮಾತು?"

"ನಾಚಿಕೆ. ಅವಸರ ಇತ್ತು ಅಂತ ಬರೀರಿ. ಪುಟ ಅಚ್ಚಿಗೆ ಹೋಗ್ಬೇಕಿತ್ತು."

"ಅವಸರ ಇತ್ತಾ?"

ಅವಳು ಆ ಸಾಲನ್ನು ಇನ್ನೊಮ್ಮೆ ಓದಿದಳು. ಆಮೇಲೆ, "ಇರ್ಲಿಲ್ಲ. ಆ ದಿನ ನಾನು ಮೂರು ಸಲ ಟೀ ಕುಡಿಯೋಕೆ ಎದ್ದು ಹೋಗಿದ್ದೆ. ನಾಚಿಕೇನೇ ಇರ್ಲಿ ಬಿಡಿ."

ಹಾಗೆ 'ತಜ್ಞರು' ಹುಟ್ಟಿದರು.

೪

(ಮೂರನೆಯ ಭಾಗದಲ್ಲಿ ಅವಳ ಮದುವೆ, ಅದು ಮುರಿದದ್ದು, ಅಮ್ಮನ ಮನೆಗೆ ವಾಪಸು ಬಂದದ್ದು ಇತ್ತು. ನಾಲ್ಕು ಪುಟ ಬರೆದಿದ್ದೆ, ಚೆನ್ನಾಗಿಯೂ ಇತ್ತು. ಯಾರ ಕಾಲಿಗೂ ಸಂಬಂಧಪಡದ್ದರಿಂದ ತೆಗೆದೆ.)

ಪತ್ರಿಕೆ ಬಂದ ದಿನ ಅಮ್ಮ ನಾಲ್ಕು ಪ್ರತಿ ಕೊಂಡು ತಂದರು. ಮೇಜಿನ ಮೇಲೆ ಹರಡಿ, ಸಾಲಿನ ಕೆಳಗೆ ಬೆರಳಿಟ್ಟು ಓದಿದರು. ಮೊದಲ ಟಿಪ್ಪಿನಲ್ಲೇ ಬೆರಳು ನಿಂತಿತು.

"ತಜ್ಞರು ಅಂದ್ರೆ ಯಾರೇ?"

"ಹಾಗೆ ಬರೀಬೇಕಮ್ಮ. ಅದೊಂದು ಪದ್ಧತಿ."

"ಹೌದಾ," ಎಂದರು ಅಮ್ಮ. ಬೆರಳು ಮುಂದೆ ಹೋಯಿತು. ಪೂರ್ತಿ ಓದಿದ ಮೇಲೆ, "ಚೆನ್ನಾಗಿದೆ," ಎಂದು ಕತ್ತರಿ ತಂದು ಅಂಕಣವನ್ನು ನೀಟಾಗಿ ಕತ್ತರಿಸಿ ಹ್ಯಾಂಡ್‌ಬ್ಯಾಗಿನ ಒಳಜೇಬಿನಲ್ಲಿ ಇಟ್ಟುಕೊಂಡರು. ಬೆಳಿಗ್ಗೆಯ ವಿಷಯ ಎತ್ತಲೇ ಇಲ್ಲ. ಮಗಳು ಅದನ್ನು ಒಪ್ಪಿಗೆ ಎಂದುಕೊಂಡಳು, ಮತ್ತೆ ಮರೆತಳು.

೫

ಈಗ ಇವತ್ತಿಗೆ ಬರೋಣ.

ಅಮ್ಮನಿಗೆ ಎಪ್ಪತ್ತೆರಡು. ಎರಡೂ ಪಾದಗಳಲ್ಲಿ ಹೆಬ್ಬೆರಳ ಬುಡದ ಮೂಳೆ ಗಂಟಾಗಿ ಹೊರಗೆ ಬಂದಿದೆ, ಹೆಬ್ಬೆರಳು ಪಕ್ಕದ ಬೆರಳಿನ ಮೇಲೆ ಹತ್ತಿ ಕೂತಿದೆ. ಒಂದು ತಿಂಗಳಿಂದ ಅವರು ಮನೆಯಿಂದ ಹೊರಗೆ ಕಾಲಿಟ್ಟಿಲ್ಲ. ಮಂಚದಿಂದ ಕುರ್ಚಿಗೆ, ಕುರ್ಚಿಯಿಂದ ಮಂಚಕ್ಕೆ. ಡಾಕ್ಟರು ಮಗಳನ್ನು ಪಕ್ಕಕ್ಕೆ ಕರೆದು ಹೇಳಿದ್ದರು: ಈ ವಯಸ್ಸಿನಲ್ಲಿ ಆಪರೇಶನ್ ಬೇಡ, ಸರಿಯಾದ ಶೂ ಹಾಕಿಕೊಂಡು ದಿನಾ ನಡೆಯಲಿ. ಈಗ ನಡೆಯದಿದ್ದರೆ ಆಮೇಲೆ ನಡೆಯುವುದು ಕಷ್ಟ.

ಅದೇ ವಾರ ಸಂಪಾದಕರು ಅವಳ ಅಂಕಣದಿಂದ ನೂರೊಂದು ಟಿಪ್‌ಗಳನ್ನು ಆರಿಸಿ ಪುಸ್ತಕ ಮಾಡುವುದೆಂದು ನಿರ್ಧರಿಸಿದರು. ಮೊದಲ ಟಿಪ್ ಮೊದಲು. ಸೋಮವಾರ ಅಚ್ಚಿಗೆ. ಶನಿವಾರ ಕರಡಚ್ಚು ಅವಳ ಹ್ಯಾಂಡ್‌ಬ್ಯಾಗಿನಲ್ಲಿತ್ತು.

ಆ ಶನಿವಾರ ಅವಳು ಅಮ್ಮನನ್ನು ಟ್ಯಾಕ್ಸಿಯಲ್ಲಿ ಕೂರಿಸಿಕೊಂಡು ಹಳೆಯ ಅಂಗಡಿಗೆ ಹೊರಟಳು. ಎಷ್ಟು ಹೊತ್ತಿಗೆ ಹೋದಳೆಂದು ನಿಮಗೆ ಗೊತ್ತು. ತಾನು ಬರೆದದ್ದನ್ನು ತಾನೇ ನಂಬುವ ರೋಗ ಬರೆಯುವವರಿಗೆಲ್ಲ ಇದೆ.

೬

ಅಂಗಡಿಯಲ್ಲಿ ಈಗ ಹೆಂಗಸರ ವಿಭಾಗ ನೋಡಿಕೊಳ್ಳುವವರು ಅಮ್ಮನ ಕೈಕೆಳಗೆ ಕೆಲಸ ಕಲಿತವರು. ಐವತ್ತು ದಾಟಿದ ಹೆಂಗಸು, ಕೊರಳಲ್ಲಿ ದಾರ ಕಟ್ಟಿದ ಕನ್ನಡಕ. "ಅಕ್ಕಾ!" ಎಂದು ಓಡಿ ಬಂದು ಅಮ್ಮನ ಎರಡೂ ಕೈ ಹಿಡಿದುಕೊಂಡರು. ಬೆಂಚಿನ ಮೇಲೆ ಕೂರಿಸಿ ತಾವು ಗಿಡ್ಡ ಸ್ಟೂಲು ಎಳೆದುಕೊಂಡು ಕೂತರು. ಅಮ್ಮನ ಹಳೆಯ ಶೂ ಬಿಚ್ಚುವ ಮೊದಲೇ, ಹಿಂದಿನ ಉಗ್ರಾಣಕ್ಕೆ ಕೇಳುವಂತೆ ಕೂಗಿದರು:

"ಆರನೇ ನಂಬರ್ ಅಗಲದ್ದು ತಗೊಂಡ್ ಬನ್ನಿ! ಪೇಪರ್ ಪಾದ, ಆರೂವರೆ!"

"ಪೇಪರ್ ಪಾದ ಅಂದ್ರೆ?" ಎಂದು ಕೇಳಿದಳು ಟಿಪ್ಸ್ ಮೇಡಂ.

"ಏಯ್, ಕೆಲಸ ನೋಡೇ," ಎಂದರು ಅಮ್ಮ ಆ ಹೆಂಗಸಿಗೆ.

ಆಕೆ ನಗುತ್ತಿದ್ದರು. "ಇದು ನಮ್ಮ ಅಂಗಡಿ ಭಾಷೆ ಮೇಡಂ. ನಾನು ಸೇರಿದ ವರ್ಷ ಯಾವ್ದೋ ಪತ್ರಿಕೆಯಲ್ಲಿ ಯಾರೋ ಪುಣ್ಯಾತ್ಗಿತ್ತಿ ಬರೆದ್ಲು, ಶೂ ತಗೊಳ್ಳೋಕೆ ಬೆಳಿಗ್ಗೆ ಹೋಗಿ ಅಂತ. ನಾವು ಬಾಗಿಲು ತೆಗೆಯೋಷ್ಟರಲ್ಲಿ ಹೆಂಗಸರು ಪೇಪರ್ ಕಟಿಂಗ್ ಹಿಡ್ಕೊಂಡು ಸಾಲಾಗಿ ನಿಂತಿರೋರು. ಬೆಳಿಗ್ಗೆ ಸರಿಹೋದ ಶೂ ಸಂಜೆ ಕಚ್ಚದೆ ಇರುತ್ತಾ? ಒಂದೇ ವಾರಕ್ಕೆ ವಾಪಸು ತರೋಕೆ ಶುರುಮಾಡಿದ್ರು. ಮ್ಯಾನೇಜರು ಪತ್ರಿಕೆಗೆ ಕಾಗದ ಬರೀತೀನಿ ಅಂತ ಪೆನ್ನು ಹಿಡ್ಕೊಂಡು ಕೂತ್ರು. ಅಕ್ಕ ಬಿಡಬೇಕಲ್ಲ! 'ಬರೆದವಳು ಹೊಸಬಳು ಇರ್ಬೇಕು, ಕೆಲಸ ಹೋದೀತು. ಬೆಳಿಗ್ಗೆ ಬಂದವರಿಗೆಲ್ಲ ಅರ್ಧ ಸೈಜ್ ದೊಡ್ಡದು ಕೊಡೋಣ, ಅಷ್ಟೇ ತಾನೆ' ಅಂದ್ರು. ಪತ್ರಿಕೆ ತಪ್ಪು ಅಂತ ಯಾರಿಗೂ ಹೇಳ್ಬಾರದು ಅಂತಾನೂ ಅಂದ್ರು. ಅವತ್ತಿಂದ ಅದೇ ಕಾನೂನು, ಬೆಳಿಗ್ಗೆ ಬಂದವರದ್ದು ಪೇಪರ್ ಪಾದ. ಹೊಸದಾಗಿ ಸೇರೋರಿಗೆ ನಾನೂ ಅದನ್ನೇ ಹೇಳ್ಕೊಡ್ತೀನಿ. ಈ ಊರಲ್ಲಿ ಒಬ್ಬ ಹೆಂಗಸಿಗೂ ಶೂ ಕಚ್ಚಿಲ್ಲ ನೋಡಿ."

ಹೇಳುತ್ತಲೇ ಅಮ್ಮನ ಶೂ ಬಿಚ್ಚಿದರು. ಕಾಲುಚೀಲ ಎಳೆದರು.

"ಅಕ್ಕಾ, ನಿಮ್ಮ ಕಾಲು ಯಾಕೆ ಹೀಗಾಗಿದೆ?"

ಅಮ್ಮ ಎದುರಿನ ಗೋಡೆಯ ಹ್ಯಾಂಡ್‌ಬ್ಯಾಗುಗಳನ್ನು ನೋಡುತ್ತಿದ್ದರು. ಒಂದೊಂದರ ಹೊಟ್ಟೆಯಲ್ಲೂ ಕಾಗದ ತುಂಬಿತ್ತು.

೭

ಇದನ್ನು ನಾನೇ ಹೇಳಬೇಕು. ಅವರಿಬ್ಬರೂ ಹೇಳುವುದಿಲ್ಲ.

ಅಂಕಣ ಶುರುವಾದ ವರ್ಷ, ಅಮ್ಮನ ಹುಟ್ಟುಹಬ್ಬಕ್ಕೆ ಮಗಳು ಒಂದು ಜೊತೆ ಶೂ ತಂದಳು. ಅಮ್ಮನಿಗೆ ಗೊತ್ತಾಗಬಾರದೆಂದು ಬೆಳಗಿನ ಜಾವ, ಅಮ್ಮ ಮಲಗಿದ್ದಾಗ, ಹೊದಿಕೆ ಸರಿಸಿ, ಪಾದದ ಕೆಳಗೆ ಕಾಗದ ಹಿಡಿದು ಪೆನ್ಸಿಲಿನಿಂದ ಸುತ್ತ ಗೆರೆ ಎಳೆದಳು. ಅಮ್ಮನ ಅಂಗಡಿಗೆ ಹೋಗಲಿಲ್ಲ, ಊರಿನ ಇನ್ನೊಂದು ತುದಿಯ ದೊಡ್ಡ ಅಂಗಡಿಗೆ ಹೋದಳು. ಆ ಅಳತೆಯನ್ನೇ ಇಟ್ಟುಕೊಂಡು ಪ್ರತಿ ವರ್ಷ ತಂದಳು. ಅಮ್ಮ ಪ್ರತಿ ವರ್ಷ ಅದನ್ನೇ ಹಾಕಿಕೊಂಡು ದಿನಕ್ಕೆ ಒಂಬತ್ತು ಗಂಟೆ ನಿಂತರು, ನಿಂತುಕೊಂಡೇ ಊರಿನ ಹೆಂಗಸರಿಗೆಲ್ಲ ಅರ್ಧ ಸೈಜ್ ದೊಡ್ಡದು ಕೊಟ್ಟರು. ಆ ಟಿಪ್ಪನ್ನು ಅಕ್ಷರಕ್ಕೆ ಅಕ್ಷರ ಪಾಲಿಸಿದವರು ಇಡೀ ಊರಿನಲ್ಲಿ ಅವರೊಬ್ಬರೇ.

(ಇಲ್ಲಿ ಒಂದು ಹೋಲಿಕೆ ಬರೆದಿದ್ದೆ. ಹೊಡೆದುಹಾಕಿದೆ. ಶೂ ಕಚ್ಚುವುದು ಎಂದರೆ ಶೂ ಕಚ್ಚುವುದೇ.)

ಅವಳು ಯಾವ ಶೂವನ್ನೂ ಕೊಳ್ಳದೆ ಅಮ್ಮನನ್ನು ಮನೆಗೆ ವಾಪಸು ಕರೆದುಕೊಂಡು ಬಂದಳು.

ಮುಕ್ತಾಯ: ಮೊದಲನೆಯದು

ಮಧ್ಯಾಹ್ನ ಅವಳು ಸಂಪಾದಕರಿಗೆ ಫೋನು ಮಾಡಿದಳು.

"ಸರ್, ಮೊದಲ ಟಿಪ್ ತಪ್ಪಿದೆ. ತಿದ್ದಬೇಕು."

"ಯಾವ್ದು, ಬೆಳಿಗ್ಗೆದಾ? ಇಪ್ಪತ್ತಾರು ವರ್ಷದಲ್ಲಿ ಒಂದೇ ಒಂದು ಕಂಪ್ಲೇಂಟ್ ಬಂದಿಲ್ಲ ಮೇಡಂ! ನಿಮ್ಮ ಟಿಪ್‌ಗಳಲ್ಲೇ ಅದು ಫೇಮಸ್ಸು."

"ಕಂಪ್ಲೇಂಟ್ ಯಾಕೆ ಬಂದಿಲ್ಲ ಅಂತ ಇವತ್ತು ಗೊತ್ತಾಯ್ತು ಸರ್."

ಸೋಮವಾರ ಹತ್ತು ಗಂಟೆಯೊಳಗೆ ತಿದ್ದಿ ಕೊಡಿ ಎಂದು ಅವರು ಒಪ್ಪಿದರು. ಅವಳು ಕರಡಚ್ಚು ತೆಗೆದು 'ಬೆಳಿಗ್ಗೆ' ಹೊಡೆದು 'ಸಂಜೆ' ಎಂದು ಬರೆದಳು. ಪಾದದ ಕಾರಣವನ್ನೂ ತಿದ್ದಿದಳು. 'ತಜ್ಞರು' ಹೊಡೆದಳು. ಆ ಜಾಗ ಖಾಲಿ ಉಳಿಯಿತು.

ಇಲ್ಲಿಗೆ ಮುಗಿಸಬಹುದಿತ್ತು. ಆದರೆ ಅಮ್ಮ ಕುರ್ಚಿಯಿಂದ ಬಗ್ಗಿ ನೋಡಿ ಹೇಳಿದ ಮಾತು ಮುಗಿಸಲು ಬಿಡುತ್ತಿಲ್ಲ.

"ಸಂಜೆ ಅಂತ ಹಾಕ್ತೀಯಾ? ಹಾಕು. ಬೆಳಿಗ್ಗೆ ಬರೋರೆಲ್ಲ ಪುಸ್ತಕ ಹಿಡ್ಕೊಂಡು ಸಂಜೆ ಬರ್ತಾರೆ. ಅಂಗಡೀಲಿ ನಮ್ಮವಳು ಕೈಯಲ್ಲಿ ಪುಸ್ತಕ ನೋಡಿದ ತಕ್ಷಣ ಅಭ್ಯಾಸಕ್ಕೆ ಅರ್ಧ ಜಾಸ್ತಿ ಕೊಡ್ತಾಳೆ. ಊರು ತುಂಬಾ ಹೆಂಗಸರು ಶೂ ಎಳ್ಕೊಂಡು ಪಟಪಟ ಅಂತ ಓಡಾಡ್ತಾರೆ."

ಮಗಳಿಗೆ ನಗುವೂ ಬಂತು, ಅಳುವೂ ಬಂತು. ಇಷ್ಟು ವರ್ಷ ನಿಂತ ತಪ್ಪಿನ ಮೇಲೆ ಜನ ಮನೆ ಕಟ್ಟಿಕೊಂಡಿರುತ್ತಾರೆ ಎಂದು ಅವಳಿಗೆ ಹೊಳೆದಿರಲಿಲ್ಲ. ನನಗೂ ಹೊಳೆದಿರಲಿಲ್ಲ.

ಮುಕ್ತಾಯ: ಎರಡನೆಯದು (ಅಗ್ಗದ ಸಾಮಾನು)

ಆ ಭಾನುವಾರ ಅಮ್ಮ ತೀರಿಕೊಂಡರು. ಕಪಾಟು ಬಿಚ್ಚಿದಾಗ ಇಪ್ಪತ್ತಾರು ಶೂ ಡಬ್ಬಿಗಳು, ಒಂದೊಂದರ ಮೇಲೂ ವರ್ಷ

"ತೆಗೀರಿ."

ಅವಳೇ. ಇಷ್ಟು ಸಿಟ್ಟು ಅವಳಲ್ಲಿ ನಾನು ಕಂಡಿರಲಿಲ್ಲ.

"ಇನ್ನೂ ವಾಕ್ಯ ಮುಗಿದಿಲ್ಲ," ಎಂದೆ.

"ಮುಗಿಸ್ಬೇಡಿ. ಅಮ್ಮನ್ನ ಸಾಯಿಸೋಕೆ ನಿಮಗೆ ಯಾರು ಹೇಳಿದ್ದು?"

"ಓದುಗರು ಅಳ್ತಾರೆ. ನೀವು ಡಬ್ಬಿಗಳ ಮುಂದೆ ಕೂತು ಕ್ಷಮೆ ಕೇಳ್ತೀರಿ. ಚೆನ್ನಾಗಿರುತ್ತೆ."

"ಸತ್ತವರ ಹತ್ರ ತಪ್ಪು ಒಪ್ಕೊಳ್ಳೋದು ಸುಲಭ. ಅವರು ತಿರುಗಿ ಏನೂ ಕೇಳಲ್ಲ. ನಂಗೆ ಸುಲಭದ್ದು ಬೇಡ."

ತೆಗೆದಿದ್ದೇನೆ. ನೀವು ಓದಿದ್ದನ್ನು ಮರೆತುಬಿಡಿ. ಅಮ್ಮ ಇದ್ದಾರೆ, ಕುರ್ಚಿಯಲ್ಲಿ ಕೂತು ಕನ್ನಡಕ ಹುಡುಕುತ್ತಿದ್ದಾರೆ. ಅದು ತಲೆಯ ಮೇಲೇ ಇದೆ.

ಮುಕ್ತಾಯ: ಮೂರನೆಯದು, ಅಥವಾ ೮

ಶನಿವಾರ ಸಂಜೆ, ಐದೂವರೆ. ಅವಳು ಅಮ್ಮನನ್ನು ಮತ್ತೆ ಅದೇ ಅಂಗಡಿಗೆ ಕರೆದುಕೊಂಡು ಬಂದಳು. ಬೆಳಗಿನಿಂದ ಮೂರು ಸಲ ಟ್ಯಾಕ್ಸಿ ಹತ್ತಿ ಇಳಿದ ಪಾದ ಚೆನ್ನಾಗಿ ಊದಿತ್ತು. ಕನ್ನಡಕದ ಹೆಂಗಸು ಸ್ಟೂಲು ಎಳೆಯಲು ಬಗ್ಗಿದಾಗ ಅವಳು ತಡೆದಳು.

"ಒಂದು ನಿಮಿಷ ನಂಗೆ ಕೊಡ್ತೀರಾ? ಆ ಪುಣ್ಯಾತ್ಗಿತ್ತಿ ನಾನೇ."

ಆಕೆ ಅವಳ ಮುಖ ನೋಡಿದರು, ಅಮ್ಮನ ಮುಖ ನೋಡಿದರು, ಕೊರಳ ಕನ್ನಡಕ ಏರಿಸಿಕೊಂಡು ಇನ್ನೊಮ್ಮೆ ಇಬ್ಬರನ್ನೂ ನೋಡಿದರು. ಸ್ಟೂಲು ಅವಳ ಕಡೆ ತಳ್ಳಿ, ಆರೂವರೆ ತರುತ್ತೇನೆಂದು ತಾವೇ ಒಳಗೆ ಹೋದರು.

ಐವತ್ತು ವರ್ಷದ ಟಿಪ್ಸ್ ಮೇಡಂ ಆ ಗಿಡ್ಡ ಸ್ಟೂಲಿನ ಮೇಲೆ ಮೊದಲ ಬಾರಿಗೆ ಕೂತಳು. ಅಲ್ಲಿಂದ ನೋಡಿದರೆ ಮನುಷ್ಯರ ಮುಖ ತುಂಬಾ ಎತ್ತರದಲ್ಲಿ ಇರುತ್ತದೆ. ಅಮ್ಮನ ಬಲಪಾದವನ್ನು ಇಳಿಜಾರಿನ ಮೇಲೆ ಇಟ್ಟುಕೊಂಡಳು.

"ಕಚ್ಚುತ್ತಿತ್ತಾ ಅಮ್ಮ?"

ಇಲ್ಲ ಎನ್ನುವ ಅಮ್ಮನನ್ನು ನಾನು ಬರೆದಿದ್ದೆ. ಅಮ್ಮ ಅದನ್ನು ಒಪ್ಪಲಿಲ್ಲ.

"ಕಚ್ಚುತ್ತಿತ್ತು," ಎಂದರು.

"ಯಾಕೆ ಹೇಳ್ಲಿಲ್ಲ?"

"ಮೊದಲನೇ ವರ್ಷ ಹೇಳೋಣ ಅಂತಿದ್ದೆ. ನೀನು ಡಬ್ಬಿ ಹಿಡ್ಕೊಂಡು ಬಾಗಿಲಲ್ಲಿ ನಿಂತಿದ್ದೆ, ಹೇಳೋಕೆ ಬಾಯಿ ಬರ್ಲಿಲ್ಲ. ಎರಡನೇ ವರ್ಷ ಹೇಳಿದ್ರೆ ಹೋದ ವರ್ಷ ಯಾಕೆ ಹೇಳ್ಲಿಲ್ಲ ಅಂತ ಕೇಳ್ತಿದ್ದೆ. ಆಮೇಲೆ ಹಾಗೇ ಆಗ್ಹೋಯ್ತು."

"ಸಿಟ್ಟು ಬರ್ಲಿಲ್ವಾ ನನ್ನ ಮೇಲೆ?"



"ಬೆಳಿಗ್ಗೆ ಅಂತ ಬರೆದದ್ದಕ್ಕೆ ಬರ್ಲಿಲ್ಲ. ತಜ್ಞರು ಅಂತ ಬರೆದಿದ್ಯಲ್ಲ, ಅದಕ್ಕೆ ಬಂತು. ಇನ್ನೂ ಇದೆ."

ಅವಳು ತಲೆ ತಗ್ಗಿಸಿದಳು. ಕಣ್ಣೀರು ಅಮ್ಮನ ಪಾದದ ಮೇಲೆ ಬೀಳದಂತೆ ಮುಖ ಪಕ್ಕಕ್ಕೆ ತಿರುಗಿಸಿಕೊಂಡಳು. "ತಪ್ಪಾಯ್ತಮ್ಮ," ಎಂದಳು. ಮಡಿಚಿದ ಕರಡಚ್ಚು ಹ್ಯಾಂಡ್‌ಬ್ಯಾಗಿನಿಂದ ತೆಗೆದು ಖಾಲಿ ಜಾಗ ತೋರಿಸಿದಳು. "ಇಲ್ಲಿ ಏನಂತ ಬರೀಲಿ? ಸೋಮವಾರ ಕೊಡಬೇಕು."

"ಮೊದಲು ಶೂ ಹಾಕು. ಎಷ್ಟು ಹೊತ್ತು ಕಾಲು ಹಿಡ್ಕೊಂಡು ಕೂರ್ತೀಯಾ? ಗಿರಾಕಿಗೆ ಮುಜುಗರ ಆಗುತ್ತೆ."

ಒಳಗಿಂದ ಆರೂವರೆ ಬಂತು. ಆರೂ ಬಂತು. ಸಂಜೆಯ ಪಾದಕ್ಕೆ ಯಾವುದು ಕೊಡಬೇಕೆಂದು ಆಕೆಗೂ ಗೊಂದಲವಾಗಿತ್ತು. ಮಗಳು ಶೂ ಹಾರ್ನ್ ಹಿಡಿದು ಹಿಮ್ಮಡಿಯನ್ನು ಒಳಗೆ ಜಾರಿಸಿದಳು. ಬೆರಳ ತುದಿಯ ಹತ್ತಿರ ಹೆಬ್ಬೆರಳಿನಿಂದ ಒತ್ತಿದಳು.

"ಅಲ್ಲಿ ಅಲ್ಲ. ಇನ್ನೂ ಸ್ವಲ್ಪ ಪಕ್ಕಕ್ಕೆ. ಹಾಂ. ಈಗ ಏನು ಹೇಳ್ಬೇಕು?"

"ನಿಂತ್ಕೊಳ್ಳಿ," ಎಂದಳು ಮಗಳು. "ನಾಲ್ಕು ಹೆಜ್ಜೆ ನಡೀರಿ."

(ಯಾವ ಸೈಜನ್ನು ಹಾಕಿದಳು ಎಂದು ನೀವು ಕೇಳುತ್ತಿದ್ದೀರಿ. ಅವಳು ಡಬ್ಬಿ ನೋಡಲಿಲ್ಲ. ನಾನೂ ನೋಡಲಿಲ್ಲ. ಖಾಲಿ ಜಾಗದಲ್ಲಿ ಸೋಮವಾರ ಏನು ಬಂತೆಂದೂ ನನ್ನನ್ನು ಕೇಳಬೇಡಿ.)

ಅಮ್ಮ ಬೆಂಚಿನ ಅಂಚು ಹಿಡಿದು ಎದ್ದರು. ಒಂದು ತಿಂಗಳ ಮೇಲೆ ಮೊದಲ ಸಲ ಯಾರ ತೋಳನ್ನೂ ಹಿಡಿಯದೆ ನಿಂತರು. ಕನ್ನಡಕದ ಹೆಂಗಸು ದಾರಿಯಲ್ಲಿದ್ದ ಡಬ್ಬಿಗಳನ್ನು ಪಕ್ಕಕ್ಕೆ ಸರಿಸಿದರು. ಮಗಳು ಸ್ಟೂಲಿನ ಮೇಲೇ ಇದ್ದಳು. ಅಲ್ಲಿಂದ ಕಾಣುವುದು ಪಾದಗಳು ಮಾತ್ರ, ಅವು ಕನ್ನಡಿಯ ಕಡೆ ಹೊರಟಿದ್ದವು.

ಒಂದು. ಅದು ಅಂಗಡಿಯವಳಿಗೆ.

ಎರಡು. ಅದು ಮಗಳಿಗೆ.

ಮೂರು. ಅದನ್ನು ನಾನು ನಮಗೆ, ನಿಮಗೂ ನನಗೂ, ಇಟ್ಟುಕೊಂಡಿದ್ದೇನೆ.

ನಾಲ್ಕನೆಯದಕ್ಕೆ ಅಮ್ಮ ಕಾಲೆತ್ತಿದ್ದಾರೆ. ಅದು ಅವರದ್ದು, ನಾನು ಬರೆಯುವುದಿಲ್ಲ.